ಮಸಿ ಹಿಡಿದ ಕವಾಟ

ಹಳೆಯ ಮನೆಗಳ ಅಡಿಗೆಮನೆಯನ್ನು ಕಂಡವರಿಗೆ ಇಲ್ಲಣವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಸೌದೆಯ ಒಲೆಯಿಂದ ಎದ್ದ ಹೊಗೆ ವರ್ಷಾನುಗಟ್ಟಲೆ ಜಂತೆಗೆ ತಾಗಿ, ಒಗ್ಗರಣೆಯ ಜಿಡ್ಡನ್ನು ಕೂಡಿಕೊಂಡು, ಕಪ್ಪನೆಯ ಜಾಲವಾಗಿ ಜೋಲಾಡುತ್ತಿತ್ತು. ಹಬ್ಬ ಸಮೀಪಿಸಿದಾಗ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಅದನ್ನು ತೆಗೆಯಬೇಕು. ತೆಗೆದವನ ಮುಖವನ್ನು ನೋಡಿ ಮಕ್ಕಳು ನಗಬೇಕು. ಗ್ಯಾಸಿನ ಒಲೆ ಬಂದ ಮೇಲೆ ಇಲ್ಲಣ ನಮ್ಮ ಮನೆಯನ್ನು ಬಿಟ್ಟುಹೋಯಿತು. ಅದು ಎಲ್ಲಿ ಹೋಗಿ ನೆಲೆಸಿತೆಂಬುದು ನನಗೆ ತಿಳಿದದ್ದು ಮಾತ್ರ ಈಚೆಗೆ, ದೊಡ್ಡಬಳ್ಳಾಪುರದ ಒಂದು ಗ್ಯಾರೇಜಿನಲ್ಲಿ.

ನನ್ನ ಅಕ್ಕನನ್ನು ಕೊಟ್ಟಿರುವುದು ಆ ತಾಲ್ಲೂಕಿನ ಒಂದು ಹಳ್ಳಿಗೆ. ಭಾವನವರಿಗೆ ಒಂದಿಷ್ಟು ದ್ರಾಕ್ಷಿಯ ತೋಟ, ಒಂದಿಷ್ಟು ಸೇವಂತಿಗೆಯ ಹೊಲ, ಜೊತೆಗೆ ಒಂದು ಪಿಕಪ್ ಗಾಡಿ ಉಂಟು. ತಮ್ಮ ಫಸಲಿನೊಡನೆ ನೆರೆಹೊರೆಯವರ ಹೂವು, ತರಕಾರಿಗಳನ್ನೂ ಹೇರಿಕೊಂಡು ನಡುರಾತ್ರಿ ಕಳೆದ ಮೇಲೆ ಹೊರಡುತ್ತಾರೆ. ರಾಜಾನುಕುಂಟೆ, ಯಲಹಂಕ, ಹೆಬ್ಬಾಳಗಳನ್ನು ದಾಟಿ ಬೆಳಕು ಹರಿಯುವ ಮುನ್ನ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಸೇರುತ್ತಾರೆ. ಪಟ್ಟಣದ ಮನೆಗಳಲ್ಲಿ ಬೆಳಗಿನ ಪೂಜೆಗೆ ಏರುವ ಹೂವು, ಮಧ್ಯಾಹ್ನದ ಹುಳಿಗೆ ಬೀಳುವ ತರಕಾರಿ, ಇವುಗಳಲ್ಲಿ ಎಷ್ಟೋ ಪಾಲು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆಯಿಂದ ಇಂಥ ಗಾಡಿಗಳಲ್ಲಿಯೇ ಬರುತ್ತದೆ. ಗಾಡಿ ಒಂದು ದಿನ ನಿಂತರೆ ನಷ್ಟ ಒಬ್ಬರದಲ್ಲ. ಬಿಡಿಸಿದ ಹೂವು ನಾಳೆಗೆ ಕಾಯುವ ಪದಾರ್ಥವಲ್ಲ.

ಕಳೆದ ರಜೆಯಲ್ಲಿ ನಾನು ಅಕ್ಕನ ಮನೆಗೆ ಹೋದಾಗ ಭಾವನವರ ಮುಖ ಸಪ್ಪಗಿತ್ತು. ಕಾರಣವನ್ನು ಕೇಳಿದೆ.

“ಏನು ಹೇಳಲಿ ಮೇಷ್ಟ್ರೇ, ಹೆಸರಿಗೆ ಪಿಕಪ್ಪು. ಗಾಡಿಯಲ್ಲಿ ಮಾತ್ರ ಪಿಕಪ್ಪೇ ಇಲ್ಲ!” ಎಂದರು.

ಖಾಲಿಯಿದ್ದಾಗ ಹೇಗೋ ಓಡುತ್ತದೆಯಂತೆ. ಹೊರೆ ಹೇರಿಕೊಂಡು ಹೆಬ್ಬಾಳದ ಮೇಲ್ಸೇತುವೆಯ ಏರನ್ನು ಹತ್ತುವಾಗ ಏದುಸಿರು ಬಿಡುತ್ತದೆಯಂತೆ. ಹಿಂದುಗಡೆ ಕರಿಯ ಹೊಗೆ. ಡೀಸೆಲಿನ ಖರ್ಚು ಮೊದಲಿಗಿಂತ ಹೆಚ್ಚು. ಚಾಲಕನ ಎದುರಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹತ್ತಿಕೊಂಡದ್ದು ಆರುವುದೇ ಇಲ್ಲ. ಮಾರುಕಟ್ಟೆಯಲ್ಲಿ ಪರಿಚಯದ ಚಾಲಕನೊಬ್ಬ ಇದಕ್ಕೆ ಸುಲಭದ ಮದ್ದೊಂದನ್ನು ಹೇಳಿಕೊಟ್ಟಿದ್ದ. “ಇಜಿಆರ್ ವಾಲ್ವು ಕಟ್ಟಿಕೊಂಡಿದೆ. ಒಂದು ತಗಡು ಕೊಯ್ದು ಅಡ್ಡ ಇಡಿಸಿ ಮುಚ್ಚಿಸಿಬಿಡು, ಪೀಡೆ ಕಳೆಯಿತು.” ಭಾವನವರು ಆ ನಿರ್ಧಾರದಲ್ಲಿಯೇ ಇದ್ದರು. ಮರುದಿನ ಬೆಳಗ್ಗೆ ಗ್ಯಾರೇಜಿಗೆ ಹೊರಟಾಗ ನಾನೂ ಜೊತೆಗೆ ಹೊರಟೆ.

ಕವಾಟದೊಳಗಿನ ಇಲ್ಲಣ

ದೊಡ್ಡಬಳ್ಳಾಪುರ ನೇಕಾರರ ಊರು. ಗ್ಯಾರೇಜಿನ ಹಿಂದಿನ ಬೀದಿಯಿಂದ ವಿದ್ಯುತ್ ಮಗ್ಗಗಳ ಸದ್ದು ಬಿಡುವಿಲ್ಲದೆ ಕೇಳಿಬರುತ್ತಿತ್ತು. ಮೇಸ್ತ್ರಿ ಮಿತಭಾಷಿ. ಅಂಗೈಯಗಲದ ಒಂದು ಸ್ಕ್ಯಾನರನ್ನು ಗಾಡಿಗೆ ಜೋಡಿಸಿದ. ಅದರಲ್ಲಿ ಪಿ-0402 ಎಂಬ ಅಂಕಿ ಮೂಡಿತು. ಮರಳಿ ಬರುವ ಹೊಗೆ ಬೇಕಾದುದಕ್ಕಿಂತ ಹೆಚ್ಚಾಗಿದೆ ಎಂಬುದು ಅದರ ತಾತ್ಪರ್ಯ. ಹೊಗೆ ಕಡಮೆಯಾದರೆ ಪಿ-0401 ಎಂದು ತೋರಿಸುತ್ತದೆ. ಕವಾಟ ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಹಾಕಿಕೊಂಡಿದೆ ಎಂದು ಮೇಸ್ತ್ರಿ ಊಹಿಸಿದ.

ಬ್ಯಾಟರಿಯ ಒಂದು ತಂತಿಯನ್ನು ಕಳಚಿ, ಎಂಜಿನ್ನು ಪೂರ್ತಿಯಾಗಿ ತಣಿಯುವವರೆಗೆ ಕಾದು, ಕವಾಟಕ್ಕೆ ಬರುವ ವಿದ್ಯುತ್ತಿನ ಕೊಂಡಿಯನ್ನು ಬಿಡಿಸಿ, ಬೋಲ್ಟುಗಳನ್ನು ತೆಗೆದ. ಮುಷ್ಟಿಯಷ್ಟು ದೊಡ್ಡದಾದ ಒಂದು ಲೋಹದ ತುಂಡು ಹೊರಬಂದಿತು. ಅದರ ಬಾಯೊಳಗೆ ಇಣುಕಿ ನೋಡಿದೆ. ನಮ್ಮ ಅಜ್ಜಿಯ ಅಡಿಗೆಮನೆಯ ಇಲ್ಲಣ ಅಲ್ಲಿ ಕುಳಿತಿತ್ತು! ಎಣ್ಣೆ ಬೆರೆತ ಕಪ್ಪು ಕಿಟ್ಟ ಪದರಪದರವಾಗಿ ಕಟ್ಟಿಕೊಂಡು, ಎರಡು ಬೆರಳು ತೂರುವಷ್ಟಿದ್ದ ದಾರಿಯನ್ನು ಕಿರುಬೆರಳಿಗೂ ಇಕ್ಕಟ್ಟಾಗುವಂತೆ ಮಾಡಿತ್ತು.

“ಇದು ಎಲ್ಲಿಯ ಹೊಗೆ ಮೇಸ್ತ್ರಿ?” ಎಂದು ಭಾವನವರು ಕೇಳಿದರು.

“ನಿಮ್ಮ ಗಾಡೀದೇ ಯಜಮಾನ್ರೇ. ಸೈಲೆನ್ಸರಿಗೆ ಹೋಗೋ ಹೊಗೇಲಿ ಒಂದು ಪಾಲು ಇದರಿಂದ ವಾಪಸ್ಸು ಎಂಜಿನ್ನಿಗೇ ಹೋಗುತ್ತೆ.”

ಭಾವನವರಿಗೆ ಇದು ಸಹಿಸದಾಯಿತು. “ಅಲ್ಲಯ್ಯಾ, ಉಗುಳಿದ್ದನ್ನು ತಾನೇ ನುಂಗುವ ಯಂತ್ರವೂ ಉಂಟೆ? ಇದನ್ನು ಕಂಡುಹಿಡಿದ ಮಹಾನುಭಾವ ಯಾರು?” ಎಂದು ನನ್ನ ಕಡೆಗೆ ತಿರುಗಿದರು. ಕನ್ನಡ ಪಾಠ ಹೇಳುವವನಿಗೆ ಎಂಜಿನ್ನಿನ ವಿಚಾರ ಹೇಗೆ ಗೊತ್ತಿರಬೇಕು? ಆದರೂ ಹಿಂದಿನ ರಾತ್ರಿ ಕುತೂಹಲದಿಂದ ಒಂದಿಷ್ಟು ಓದಿಕೊಂಡಿದ್ದೆ. ಕಿಟ್ಟ ಬಿಡಿಸುವ ಕೆಲಸ ನಡೆದಿದ್ದಂತೆ ನನ್ನ ಪಾಠವೂ ನಡೆಯಿತು.

ಅನಾನಸಿನಿಂದ ದ್ರಾಕ್ಷಿಯವರೆಗೆ

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಅದರಲ್ಲಿ ಕಿಡಿ ಹಾರಿಸುವ ಏರ್ಪಾಡಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿಗೆ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕಡಮೆ ಎಣ್ಣೆಯಲ್ಲಿ ಹೆಚ್ಚು ಕೆಲಸ ಮಾಡುವ ಅದರ ಗುಣಕ್ಕೆ ಈ ಒತ್ತಡವೇ ಮೂಲ. ಆದರೆ ಗುಣದ ಬೆನ್ನಿಗೇ ಒಂದು ದೋಷವೂ ಅಂಟಿಕೊಂಡಿದೆ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಇವೆರಡೂ ಸಾಮಾನ್ಯವಾಗಿ ಒಂದರ ಗೊಡವೆಗೆ ಒಂದು ಹೋಗುವುದಿಲ್ಲ. ಆದರೆ ಉರಿಯ ಕಾವು ಸುಮಾರು 1,500 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತೆಂದರೆ ಅವು ವೇಗವಾಗಿ ಕೂಡಿಕೊಂಡು ಸಾರಜನಕದ ಆಕ್ಸೈಡುಗಳಾಗುತ್ತವೆ. ಕೊಳವೆಯಿಂದ ಹೊರಬರುವಾಗ ಇವು ಕಣ್ಣಿಗೆ ಕಾಣುವುದಿಲ್ಲ; ಉಸಿರಿನ ನಾಳಗಳನ್ನು ಕೆರಳಿಸುತ್ತವೆ; ಅಸ್ತಮಾ ಇರುವವರನ್ನು ಹೆಚ್ಚಾಗಿ ಪೀಡಿಸುತ್ತವೆ.

ಇವುಗಳ ಇನ್ನೊಂದು ಅವಗುಣ ಬೆಳಕಿಗೆ ಬಂದದ್ದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ. 1940ರ ದಶಕದಲ್ಲಿ ಆ ಪಟ್ಟಣವನ್ನು ಕಣ್ಣುರಿಸುವ ಮಬ್ಬು ಕವಿಯತೊಡಗಿತು. ಹಾಲೆಂಡಿನಲ್ಲಿ ಹುಟ್ಟಿ ಅಲ್ಲಿ ನೆಲೆಸಿದ್ದ ಹಾಗನ್-ಸ್ಮಿಟ್ ಎಂಬ ರಸಾಯನ ಶಾಸ್ತ್ರಜ್ಞ ಆಗ ಅನಾನಸ್ ಹಣ್ಣಿನ ಪರಿಮಳ ಯಾವುದರಿಂದ ಬರುತ್ತದೆಂದು ಶೋಧಿಸುತ್ತಿದ್ದ. ಹಣ್ಣಿನ ಗಾಳಿಯನ್ನು ಹಿಡಿದು ಪರೀಕ್ಷಿಸುವ ಉಪಾಯವನ್ನೇ ಪಟ್ಟಣದ ಗಾಳಿಗೂ ಅನ್ವಯಿಸಿದ. ಸಾರಜನಕದ ಆಕ್ಸೈಡು ಮತ್ತು ಪೂರ್ತಿ ಸುಡದ ಇಂಧನದ ಆವಿ, ಇವೆರಡರ ಮೇಲೆ ಬಿಸಿಲು ಬಿದ್ದಾಗ ಓಜೋನ್ ಎಂಬ ತೀಕ್ಷ್ಣವಾದ ಅನಿಲ ಹುಟ್ಟುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ. ಬಾನಿನ ಮೇಲ್ಪದರದಲ್ಲಿದ್ದರೆ ಓಜೋನ್ ನಮಗೆ ಕೊಡೆ. ನೆಲದ ಮಟ್ಟದಲ್ಲಿದ್ದರೆ ಪ್ರಾಣಿಗಳ ಶ್ವಾಸಕ್ಕೂ ಗಿಡಗಳ ಎಲೆಗೂ ಶತ್ರು. 1958ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಅಲ್ಲಿಯ ದ್ರಾಕ್ಷಿ ಎಲೆಗಳ ಮೇಲ್ಮೈಯಲ್ಲಿ ಕಾಣಿಸಿಕೊಂಡಿದ್ದ ಸಣ್ಣಸಣ್ಣ ಕಂದು ಚುಕ್ಕೆಗಳಿಗೆ ಈ ಓಜೋನೇ ಕಾರಣವೆಂದು ವರದಿ ಮಾಡಿದರು.

ಅಷ್ಟುಹೊತ್ತು ಅನಾಸಕ್ತಿಯಿಂದ ಕೇಳುತ್ತಿದ್ದ ಭಾವನವರು ಇಲ್ಲಿ ತಟ್ಟನೆ ತಲೆಯೆತ್ತಿದರು. “ದ್ರಾಕ್ಷಿಯ ಎಲೆಗೇ?”

“ಹೌದು ಭಾವ, ದ್ರಾಕ್ಷಿಯ ಎಲೆಗೇ. ನಿಮ್ಮ ತೋಟದಲ್ಲಿ ಹಾಗಾಗಿದೆ ಎಂದು ನಾನು ಹೇಳುತ್ತಿಲ್ಲ. ಎಲೆಯಲ್ಲಿ ಚುಕ್ಕೆ ಬೀಳುವುದಕ್ಕೆ ರೋಗ, ಹುಳು ಎಂದು ನೂರು ಕಾರಣಗಳಿವೆ. ಹೀಗೂ ಆಗುವುದುಂಟು ಎಂದಷ್ಟೇ ನನ್ನ ಮಾತು.”

ಅವರು ಮತ್ತೆ ಮಾತನಾಡಲಿಲ್ಲ.

ಕೆಡುಕಿನ ಮೂಲ ಕಾವಿನಲ್ಲಿದ್ದ ಮೇಲೆ ಪರಿಹಾರವನ್ನೂ ಅಲ್ಲಿಯೇ ಹುಡುಕಬೇಕಾಯಿತು. ಒಮ್ಮೆ ಉರಿದ ಹೊಗೆಯಲ್ಲಿ ಆಮ್ಲಜನಕ ಕಡಮೆ. ಇಂಗಾಲದ ಡೈ ಆಕ್ಸೈಡು ಮತ್ತು ನೀರಾವಿ ಹೆಚ್ಚು. ಅದರಲ್ಲೊಂದು ಪಾಲನ್ನು ತಣಿಸಿ ಹೊಸ ಗಾಳಿಯೊಡನೆ ಬೆರೆಸಿದರೆ ಅದು ತಾನು ಉರಿಯದೆ ಉರಿಯ ಕಾವನ್ನು ಹೀರಿಕೊಳ್ಳುತ್ತದೆ. ಒಲೆಯ ಉರಿ ಹೆಚ್ಚಾದಾಗ ಹಿತ್ತಲಿನಿಂದ ಬಂದ ಅಜ್ಜಿ ಮೇಲಿಷ್ಟು ಬೂದಿಯನ್ನು ಎಳೆಯುತ್ತಿದ್ದಳಲ್ಲ, ಹಾಗೆ. ಈ ಉಪಾಯ 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾರುಗಳಲ್ಲಿ ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ನಿಯಮಗಳು ಬಿಗಿಯಾಗುತ್ತ ಬಂದಂತೆ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಯಿತು. 2017ರ ಏಪ್ರಿಲ್ 1ರಂದು ದೇಶದಾದ್ಯಂತ ಜಾರಿಗೆ ಬಂದ ನಾಲ್ಕನೆಯ ಹಂತದಲ್ಲಿ ಡೀಸೆಲ್ ಕಾರೊಂದು ಕಿಲೋಮೀಟರಿಗೆ 0.25 ಗ್ರಾಮಿನಷ್ಟು ಸಾರಜನಕದ ಆಕ್ಸೈಡನ್ನು ಬಿಡಬಹುದಿತ್ತು. ಐದನೆಯ ಹಂತವನ್ನೇ ಹಾರಿ 2020ರ ಏಪ್ರಿಲ್ 1ರಂದು ಬಂದ ಆರನೆಯ ಹಂತದಲ್ಲಿ ಆ ಮಿತಿ 0.08 ಗ್ರಾಮಿಗೆ ಇಳಿಯಿತು. ಭಾರದ ಪಿಕಪ್ಪುಗಳಿಗೆ ಮಿತಿ ಇದಕ್ಕಿಂತ ತುಸು ಸಡಿಲ. ಇಳಿಕೆಯ ಪ್ರಮಾಣ ಮಾತ್ರ ಹೆಚ್ಚು ಕಡಮೆ ಅಷ್ಟೇ.

ಮಸಿ ಬಂದದ್ದೆಲ್ಲಿಂದ?

ಲಾಟೀನಿನ ಬತ್ತಿಯನ್ನು ಹೆಚ್ಚಾಗಿ ಏರಿಸಿದರೆ ಗಾಜು ಮಸಿಯಾಗುತ್ತಿದ್ದುದು ಹಿರಿಯರ ನೆನಪಿನಲ್ಲಿದ್ದೀತು. ಎಣ್ಣೆಗೆ ತಕ್ಕಷ್ಟು ಗಾಳಿ ದೊರೆಯದಿದ್ದರೆ ಮಸಿ ಹುಟ್ಟುತ್ತದೆ. ಹೊಗೆಯನ್ನು ಬೆರೆಸಿ ಕಾವನ್ನು ತಗ್ಗಿಸಿದಾಗ ಸಾರಜನಕದ ಆಕ್ಸೈಡು ಕಡಮೆಯಾಯಿತು, ನಿಜ. ಆದರೆ ಮಸಿ ತುಸು ಹೆಚ್ಚಿತು. ಎಂಜಿನ್ನಿನ ಹೊಟ್ಟೆಯಿಂದ ಏಳುವ ಎಣ್ಣೆಯ ಆವಿಯನ್ನೂ ಗಾಳಿಯ ದಾರಿಗೇ ಬಿಟ್ಟಿರುತ್ತಾರೆ. ಒಣ ಮಸಿ ಗಾಳಿಯಲ್ಲಿ ಹಾರಿಹೋದೀತು. ಎಣ್ಣೆ ಸೇರಿದ ಮಸಿ ಡಾಮರಿನಂತೆ ಅಂಟುತ್ತದೆ. ಅದೇ ಈ ಕಿಟ್ಟ.

ಬಿಡುದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಗಾಡಿಗೆ ಈ ಕಾಟ ಕಡಮೆ. ನಿಂತು ನಿಂತು ಸಾಗುವ ಗಾಡಿಗೆ, ನಿಂತಲ್ಲೇ ಎಂಜಿನ್ನನ್ನು ಉರಿಸುವ ಗಾಡಿಗೆ ಹೆಚ್ಚು. ಮಾರುಕಟ್ಟೆಯ ಬಾಗಿಲಲ್ಲಿ ಸರದಿಗಾಗಿ ಕಾಯುವಾಗ ಭಾವನವರು ಎಂಜಿನ್ನನ್ನು ಆರಿಸುತ್ತಲೇ ಇರಲಿಲ್ಲ ಎಂಬುದು ಮೇಸ್ತ್ರಿಯ ಪಾಟೀಸವಾಲಿನಲ್ಲಿ ಹೊರಬಿದ್ದಿತು.

ಕವಾಟ ಯಾವಾಗಲೂ ತೆರೆದಿರತಕ್ಕದ್ದಲ್ಲ. ಹಗುರವಾಗಿ ಓಡುವಾಗ ತೆರೆದು, ಪೂರ್ಣ ಭಾರದಿಂದ ಏರನ್ನು ಹತ್ತುವಾಗ ಮುಚ್ಚಿಕೊಳ್ಳಬೇಕು. ಆಗ ಎಂಜಿನ್ನಿಗೆ ಶುದ್ಧವಾದ ಗಾಳಿಯೆಲ್ಲವೂ ಬೇಕು. ಕಿಟ್ಟ ಹಿಡಿದು ಮುಚ್ಚಲಾರದೆ ನಿಂತರೆ ಹೆಬ್ಬಾಳದ ಏರಿನಲ್ಲಿ ಉಸಿರು ಕಟ್ಟುವುದು ಸಹಜ. ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಎಂಜಿನ್ನು ಚೆನ್ನಾಗಿಯೇ ಓಡಿದಂತೆ ಕಾಣುತ್ತದೆ. ಕಾಣದ ಅನಿಲ ಮಾತ್ರ ಹೆಚ್ಚುತ್ತದೆ. ತಗಡಿನ ಉಪಾಯದ ಗುಟ್ಟು ಇಷ್ಟೇ.

ಮುಚ್ಚುವುದೋ, ತೊಳೆಯುವುದೋ?

“ಮುಚ್ಚೋದು ಐದು ನಿಮಿಷದ ಕೆಲಸ ಯಜಮಾನ್ರೇ. ತೊಳೆಯೋದಕ್ಕೆ ಅರ್ಧ ದಿನ ಬೇಕು. ಹೊಸ ಗ್ಯಾಸ್ಕೆಟ್ಟು ಯಲಹಂಕದಿಂದ ತರಿಸಬೇಕು. ಏನು ಮಾಡೋಣ ಹೇಳಿ” ಎಂದ ಮೇಸ್ತ್ರಿ.

ಆ ರಾತ್ರಿಯ ಹೊರೆಗೆ ಹೂವು ಬಿಡಿಸುವ ಕೆಲಸ ಹಳ್ಳಿಯಲ್ಲಿ ಆಗಲೇ ಮೊದಲಾಗಿತ್ತು. ಗಾಡಿ ಸಂಜೆಗೆ ಸಿದ್ಧವಾಗದಿದ್ದರೆ ನಾಲ್ಕು ಮನೆಯವರಿಗೆ ಜವಾಬು ಹೇಳಬೇಕು. ಭಾವನವರ ವಾದಗಳನ್ನು ತಳ್ಳಿಹಾಕುವುದು ಸುಲಭವಾಗಿರಲಿಲ್ಲ.

“ಮುಚ್ಚಿಸಿದರೆ ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೇವೆಯೆ?”

ಸಿಕ್ಕಿಬೀಳುವುದಿಲ್ಲವೆಂದು ನಾನು ಒಪ್ಪಿಕೊಳ್ಳಬೇಕಾಯಿತು. ಡೀಸೆಲ್ ಗಾಡಿಯ ತಪಾಸಣೆಯಲ್ಲಿ ಬೆಳಕನ್ನು ಹಾಯಿಸಿ ಹೊಗೆಯ ದಟ್ಟಣೆಯನ್ನು ಅಳೆಯುತ್ತಾರೆ. ಸಾರಜನಕದ ಆಕ್ಸೈಡನ್ನು ಅಳೆಯುವುದಿಲ್ಲ. ಮುಚ್ಚಿಸಿದ ಗಾಡಿಯಲ್ಲಿ ಮಸಿ ಇಳಿಯುವುದರಿಂದ ಅದು ಇನ್ನೂ ಚೆನ್ನಾಗಿಯೇ ಪಾಸಾದೀತು!

“ದೊಡ್ಡ ದೊಡ್ಡ ಕಂಪನಿಯವರೇ ಮೋಸ ಮಾಡಲಿಲ್ಲವೆ? ನನ್ನದೊಂದು ಗಾಡಿಯಿಂದ ಲೋಕ ಕೆಡುತ್ತದೆಯೆ?”

ಅದೂ ಸುಳ್ಳಲ್ಲ. 2015ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ಕಪಟ ಬಯಲಾಯಿತು. ಪರೀಕ್ಷೆ ನಡೆಯುತ್ತಿದೆಯೆಂದು ಅರಿತುಕೊಂಡು ಆಗ ಮಾತ್ರ ಶುದ್ಧವಾಗಿ ವರ್ತಿಸುವಂತೆ ಅವುಗಳ ಗಣಕಕ್ಕೆ ಪಾಠ ಹೇಳಿಕೊಟ್ಟಿದ್ದರು. ರಸ್ತೆಗೆ ಇಳಿದಾಗ ಅವು ಅಮೆರಿಕದ ಮಿತಿಯ 40 ಪಟ್ಟಿನವರೆಗೂ ಈ ಅನಿಲವನ್ನು ಬಿಡುತ್ತಿದ್ದವು. ಜಗತ್ತಿನಲ್ಲಿ ಅಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಉಳ್ಳವರು ಲಾಭಕ್ಕಾಗಿ ಮಾಡಿದ್ದನ್ನು ಇಲ್ಲದವನು ಒಂದು ದಿನದ ಬಾಡಿಗೆ ಉಳಿಸಿಕೊಳ್ಳಲು ಮಾಡಿದರೆ ಅವನನ್ನು ಜರೆಯುವ ಅಧಿಕಾರ ತಿಂಗಳ ಸಂಬಳದವನಾದ ನನಗೆಲ್ಲಿಯದು?

ಆದರೂ ಹೇಳಬೇಕಾದ ಎರಡು ಮಾತುಗಳನ್ನು ಹೇಳಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿಷೇಧಿಸುತ್ತದೆ ಎಂಬುದು ಒಂದು. ಕಪ್ಪು ಹೊಗೆಯನ್ನು ಕಂಡವನು ಮೂಗು ಮುಚ್ಚಿಕೊಂಡಾನು. ಕಾಣದ ಹೊಗೆಗೆ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ ಎಂಬುದು ಇನ್ನೊಂದು. ಮೇಸ್ತ್ರಿ ಮೂರನೆಯದನ್ನು ಸೇರಿಸಿದ: “ತಗಡು ಇಟ್ರೆ ಗಾಡಿ ಸುಮ್ಮನಿರೋಲ್ಲ ಯಜಮಾನ್ರೇ. ಹೊಗೆ ಬರ್ತಾ ಇಲ್ಲ ಅಂತ ಮತ್ತೆ ದೀಪ ಹಚ್ಚುತ್ತೆ.”

ಭಾವನವರು ಕೆಲಹೊತ್ತು ಆ ಕಪ್ಪು ತುಂಡನ್ನೇ ತಿರುಗಿಸಿ ನೋಡುತ್ತಿದ್ದರು. ಆಮೇಲೆ, “ತೊಳೆದೇಬಿಡು ಮೇಸ್ತ್ರಿ. ಗ್ಯಾಸ್ಕೆಟ್ಟಿಗೆ ಹುಡುಗನನ್ನು ಕಳಿಸು” ಎಂದರು. ಕಾಯಿದೆಯೋ, ದೀಪವೋ, ದ್ರಾಕ್ಷಿಯ ಎಲೆಯೋ, ಯಾವುದು ಅವರನ್ನು ಒಪ್ಪಿಸಿತೆಂದು ನಾನು ಹೇಳಲಾರೆ.

ಮೇಸ್ತ್ರಿಯ ಕ್ರಮ

ತೊಳೆಯುವ ಕ್ರಮದಲ್ಲಿಯೂ ಒಂದು ಶಿಸ್ತು ಉಂಟು. ಮೇಸ್ತ್ರಿ ಕೈಗೆ ಚೀಲ ತೊಟ್ಟ, ಬಾಯಿಗೆ ಬಟ್ಟೆ ಕಟ್ಟಿದ. ಡೀಸೆಲ್ ಹೊಗೆ ಕ್ಯಾನ್ಸರನ್ನು ಉಂಟುಮಾಡಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಸಾರಿದೆ. ಆ ಮಸಿಯನ್ನು ಒಣಗಿದಂತೆಯೇ ಕೆರೆದು ಊದುವುದು ಒಳ್ಳೆಯದಲ್ಲ. ಕಾರ್ಬುರೇಟರ್ ತೊಳೆಯುವ ದ್ರಾವಣವನ್ನು ಸಿಂಪಡಿಸಿ ಕಿಟ್ಟ ನೆನೆಯಲು ಬಿಟ್ಟ. ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಕೆಲಸವೆಲ್ಲ ಬಯಲಿನಲ್ಲಿಯೇ ನಡೆಯಿತು. ಬೀಡಿ ಹಚ್ಚಲು ಹೊರಟ ಒಬ್ಬನನ್ನು ಗದರಿಸಿ ಓಡಿಸಿದ್ದೂ ಆಯಿತು. ಕವಾಟದ ಒಂದು ತುದಿಯಲ್ಲಿ ವಿದ್ಯುತ್ತಿನ ಸಣ್ಣ ಮೋಟಾರು ಇರುತ್ತದೆ. ದ್ರಾವಣ ಅದರೊಳಗೆ ಇಳಿಯದಂತೆ ಆ ತುದಿಯನ್ನು ಮೇಲೆ ಮಾಡಿ ಹಿಡಿದಿದ್ದ. ಪೂರ್ತಿಯಾಗಿ ಮುಳುಗಿಸುವುದು ಸಲ್ಲದು. ಕಾಸ್ಟಿಕ್ ಸೋಡಾ ಹಾಕಿ ಕುದಿಸುವವರೂ ಇದ್ದಾರಂತೆ. ಅದು ಅಲ್ಯುಮಿನಿಯಮ್ಮನ್ನೇ ತಿಂದುಹಾಕುತ್ತದೆ.

ನೆನೆದ ಕಿಟ್ಟವನ್ನು ಮೊದಲು ಬಿದಿರಿನ ಕಡ್ಡಿಯಿಂದ, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದ. ಉಕ್ಕಿನ ಉಳಿಯನ್ನು ಮುಟ್ಟಲಿಲ್ಲ; ಕವಾಟ ಕೂರುವ ಪೀಠಕ್ಕೆ ಗೀರು ಬಿದ್ದರೆ ಮುಂದೆ ಅದು ಬಿಗಿಯಾಗಿ ಮುಚ್ಚುವುದಿಲ್ಲ. ಎಂಜಿನ್ನಿನ ಕಡೆಯ ದಾರಿಯನ್ನೂ ಬಿಡಲಿಲ್ಲ. ಉದುರಿದ ಪುಡಿ ಒಳಗೆ ಬೀಳದಂತೆ ಬಟ್ಟೆಯನ್ನು ತುರುಕಿ, ಒರೆಸಿ, ಬಟ್ಟೆಯನ್ನು ಜ್ಞಾಪಕವಾಗಿ ಹೊರಗೆ ತೆಗೆದ. ಹೊಗೆಯನ್ನು ತಣಿಸುವ ಕೂಲರಿನಿಂದ ನೀರು ಸೋರಿದ ಗುರುತಿದೆಯೇ ಎಂದು ನೋಡಿದ. ಕೊನೆಗೆ ಕವಾಟದ ನಾಲಗೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಾಗ ಅದು ಟಪ್ಪೆಂದು ಸ್ವಸ್ಥಾನಕ್ಕೆ ಮರಳಿತು. ಆ ಸದ್ದನ್ನು ಕೇಳಿ ಮೇಸ್ತ್ರಿ ಮೊದಲ ಸಲ ನಕ್ಕ. ಕಪ್ಪು ದ್ರಾವಣವನ್ನು ಚರಂಡಿಗೆ ಚೆಲ್ಲದೆ ಹಳೆಯ ಎಣ್ಣೆಯ ಡಬ್ಬಿಗೆ ಸುರಿದದ್ದನ್ನು ನಾನು ಮೆಚ್ಚಿಕೊಂಡೆ.

ಗ್ಯಾಸ್ಕೆಟ್ಟು ಬರುವಾಗ ನಾಲ್ಕು ಗಂಟೆ ದಾಟಿತ್ತು. ಹಳೆಯದನ್ನೇ ಮತ್ತೆ ಹಾಕಿದರೆ ಹೊಗೆ ಸೋರುವ ಭಯವುಂಟು. ಜೋಡಣೆ ಮುಗಿದ ಮೇಲೆ ಸ್ಕ್ಯಾನರಿನಿಂದ ಹಳೆಯ ದೂರನ್ನು ಅಳಿಸಿ, ಶುದ್ಧವಾದ ಕವಾಟದ ನೆಲೆಯನ್ನು ಗಣಕಕ್ಕೆ ಹೊಸದಾಗಿ ಪರಿಚಯ ಮಾಡಿಸಿದ. ಎಂಜಿನ್ನು ಹತ್ತಿತು, ಹಳದಿ ದೀಪ ಆರಿತು. “ಇನ್ನು ಮೇಲೆ ಸರದೀಲಿ ನಿಂತಾಗ ಎಂಜಿನ್ ಆಫ್ ಮಾಡಿ. ವರ್ಷಕ್ಕೊಂದು ಸಲ ಬಿಚ್ಚಿ ನೋಡೋಣ” ಎಂದು ಬುದ್ಧಿ ಹೇಳಿ ಕಳಿಸಿದ. ಎಲ್ಲ ಗಾಡಿಗಳಿಗೂ ಒಂದೇ ಅವಧಿಯಿಲ್ಲ. ತಯಾರಕರ ಕೈಪಿಡಿಯೇ ಪ್ರಮಾಣ.

ಆ ರಾತ್ರಿ ನಾನೂ ಗಾಡಿಯಲ್ಲಿ ಬೆಂಗಳೂರಿಗೆ ಹಿಂದಿರುಗಿದೆ. ಬೆನ್ನ ಹಿಂದೆ ಸೇವಂತಿಗೆಯ ಮೂಟೆಗಳು; ಗಾಳಿಯಲ್ಲಿ ಅದರ ಕಟುಗಂಪು. ಹೆಬ್ಬಾಳದ ಏರು ಬಂದಾಗ ಇಬ್ಬರೂ ಮಾತನ್ನು ನಿಲ್ಲಿಸಿದೆವು. ಗಾಡಿ ಹತ್ತಿ ಇಳಿಯಿತು. ಭಾವನವರು ಏನೂ ಹೇಳದೆ ಮೀಸೆಯ ಮೇಲೆ ಕೈಯಾಡಿಸಿದರು.

ಮುಂದಿನ ಬಾರಿ ಹಳ್ಳಿಗೆ ಹೋದಾಗ ಅಕ್ಕ ನನ್ನನ್ನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿದಳು. ಆಯುಧಪೂಜೆಯ ದಿನದ ಚೌಕದಲ್ಲಿ ಭಾವನವರು ದಪ್ಪ ಅಕ್ಷರದಲ್ಲಿ ‘ಇಜಿಆರ್’ ಎಂದು ಬರೆದಿಟ್ಟಿದ್ದರು.

“ಇವರನ್ನು ಕೇಳಿದರೆ ನಗುತ್ತಾರೆ. ನೀನಾದರೂ ಹೇಳೋ, ಇದು ಯಾವ ದೇವರ ಹೆಸರು?” ಎಂದಳು ಅಕ್ಕ.